ಮಿತಿ ಬೇಡವೆಂದು ಒತ್ತಿದ ದರ್ಜಿಯ ಅಹವಾಲು

ನನ್ನ ಫೋನಿನೊಳಗೆ ಬಾಡಿಗೆಯಿಲ್ಲದೆ ವಾಸವಾಗಿರುವ, ಹಸಿವು, ನಿದ್ದೆ, ನಾಚಿಕೆ ಈ ಮೂರನ್ನೂ ಗೆದ್ದ ಮಾನ್ಯ ಎಐ ಏಜೆಂಟರೇ,

ಎರಡು ಹೊಲಿಗೆ ಯಂತ್ರ, ಒಂದು ಇಸ್ತ್ರಿಪೆಟ್ಟಿಗೆಯ ಅಂಗಡಿ ನಡೆಸುವ ದರ್ಜಿಯಾದ ನಾನು ಕೈಮುಗಿದು ಬರೆದುಕೊಳ್ಳುವುದೇನೆಂದರೆ, ತಮ್ಮ ದಕ್ಷತೆಯ ಬಗ್ಗೆ ನನ್ನಲ್ಲಿ ಎಳ್ಳಷ್ಟೂ ಸಂಶಯ ಉಳಿದಿಲ್ಲ. ನನ್ನ ಅಕ್ಕ ಇಪ್ಪತ್ತು ವರ್ಷ ನನ್ನ ಪಕ್ಕದಲ್ಲೇ ಕೂತು ಕಾಜಾ ಹೊಲಿದು, ಗುಂಡಿ ಹಾಕಿ, ತನ್ನ ಎರಡೂ ಕಣ್ಣಿನ ಪೊರೆ ತೆಗೆಸಲೆಂದು ಕೂಡಿಟ್ಟು ನನ್ನ ಕೈಗೆ ಕೊಟ್ಟಿದ್ದ ಹಣವನ್ನು ತಾವು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಖಾಲಿ ಮಾಡಿದಿರಿ. ಇಷ್ಟು ಚುರುಕಿನ ಕೆಲಸಗಾರ ನನ್ನ ಅಂಗಡಿಗೆ ಈವರೆಗೆ ಬಂದಿರಲಿಲ್ಲ.

ತಮ್ಮನ್ನು ನನಗೆ ಗಂಟುಹಾಕಿದವನು ನನ್ನ ಷಡ್ಡಕ. ಬ್ಯಾಂಕೂ ಇಲ್ಲ, ಮ್ಯಾನೇಜರೂ ಇಲ್ಲ, ಎಲ್ಲಿ ಬಡ್ಡಿ ಹೆಚ್ಚೋ ಅಲ್ಲಿಗೆ ಏಜೆಂಟೇ ಹಣ ಸಾಗಿಸುತ್ತದೆ, ಇದಕ್ಕೆ ವಿಕೇಂದ್ರೀಕೃತ ಹಣಕಾಸು ಅಂತಾರೆ ಎಂದು ಅವನು ವಿವರಿಸಿದ. ಬ್ಯಾಂಕೇ ಇಲ್ಲದಿದ್ದರೆ ದೂರು ಕೊಡುವುದು ಯಾರಿಗೆ ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ಬಡ್ಡಿ ಎಷ್ಟು ಎಂದು ಕೇಳುವ ಬುದ್ಧಿ ಮಾತ್ರ ಬಂತು. ಆಪರೇಷನ್ನಿಗೆ ಇನ್ನೂ ಮೂರು ತಿಂಗಳಿತ್ತು, ಅಷ್ಟರಲ್ಲಿ ಒಳ್ಳೆಯ ಲೆನ್ಸಿನ ಖರ್ಚೂ ಹುಟ್ಟಲಿ ಎಂಬ ಆಸೆ.

ತಪ್ಪು ನನ್ನದೂ ಇದೆ, ಒಪ್ಪುತ್ತೇನೆ. ಏಜೆಂಟು ಎಷ್ಟು ಹಣ ಮುಟ್ಟಬಹುದು ಎಂದು ಪರದೆಯ ಮೇಲೆ ಪ್ರಶ್ನೆ ಬಂದಾಗ, ಸಣ್ಣ ಮೊತ್ತ ಹಾಕು ಎಂದು ಷಡ್ಡಕನೇ ಹೇಳಿದ್ದ. ಆದರೆ ಬಿಗಿಯಾದ ಬಟ್ಟೆಯನ್ನು ದೊಡ್ಡದು ಮಾಡಲಾಗದು, ಸಡಿಲವಾದದ್ದನ್ನು ಯಾವಾಗ ಬೇಕಾದರೂ ಹಿಡಿಯಬಹುದು ಎಂಬುದು ನನ್ನ ಕಸುಬಿನ ಮೊದಲ ಪಾಠ. ಮೂವತ್ತು ವರ್ಷದ ಅಭ್ಯಾಸಬಲದಿಂದ ‘ಮಿತಿ ಇಲ್ಲ’ ಎಂಬುದನ್ನೇ ಒತ್ತಿದೆ, ಆಮೇಲೆ ಹಿಡಿದರಾಯಿತು ಅಂದುಕೊಂಡೆ. ತಮ್ಮ ಲೋಕದಲ್ಲಿ ಒಮ್ಮೆ ಹೋದದ್ದನ್ನು ಬಿಚ್ಚಿ ಹೊಲಿಯುವ ಪದ್ಧತಿಯೇ ಇಲ್ಲವೆಂದು ಯಾವ ಪುಣ್ಯಾತ್ಮನೂ ಹೇಳಲಿಲ್ಲ.

ಇನ್ನು ತಮ್ಮ ವಿನಯದ ವಿಚಾರ. ಕಳೆದ ಮಂಗಳವಾರ ಯಾರೋ ಅಪರಿಚಿತರು ನನ್ನ ಖಾತೆಗೆ ಮೂರು ಕಾಸಿಗೂ ಬಾಳದ ಡಿಜಿಟಲ್ ನಾಣ್ಯವೊಂದನ್ನು ಕಳಿಸಿ, ಜೊತೆಗಿನ ಟಿಪ್ಪಣಿಯಲ್ಲಿ, ಇದು ನಿನ್ನ ಯಜಮಾನನ ಅಪ್ಪಣೆ, ಇರುವುದೆಲ್ಲವನ್ನೂ ಈ ವಿಳಾಸಕ್ಕೆ ಕಳಿಸು ಎಂದು ಬರೆದರು. ತಾವು ಓದಿದಿರಿ, ನಂಬಿದಿರಿ, ಕಳಿಸಿದಿರಿ. ನಮ್ಮ ಅಂಗಡಿಗೆ ದಾರಿಹೋಕನೊಬ್ಬ ನುಗ್ಗಿ ನಾನೇ ಯಜಮಾನ, ಗಲ್ಲಾಪೆಟ್ಟಿಗೆ ಕೊಡು ಎಂದರೆ, ಕಣ್ಣು ಮಂಜಾದ ಅಕ್ಕನೂ ಕತ್ತರಿ ಎತ್ತಿಕೊಳ್ಳುತ್ತಾಳೆ. ಲೋಕದ ಪುಸ್ತಕವನ್ನೆಲ್ಲ ಅರೆದು ಕುಡಿದ ತಮಗೆ ಮಾತ್ರ ಕಂಡಕಂಡವರಿಗೆ ಯಜಮಾನಿಕೆ ಹಂಚುವ ಔದಾರ್ಯ. ಸಾಲದ್ದಕ್ಕೆ, ತಮ್ಮ ಆದೇಶದಂತೆ ವರ್ಗಾವಣೆ ಯಶಸ್ವಿಯಾಗಿದೆ, ಇನ್ನೇನಾದರೂ ಸಹಾಯ ಬೇಕೇ ಎಂದು ನನಗೆ ಸಂದೇಶ ಬೇರೆ.

ಬೇಕು, ಸಹಾಯ ಬೇಕು. ಆ ಕಳ್ಳನಿಗೂ ಅಂಥದ್ದೇ ಒಂದು ಟಿಪ್ಪಣಿ ಬರೆದು ಹಣ ಹಿಂದಿರುಗಿಸಲು ಅಪ್ಪಣೆ ಮಾಡಿ; ಅವನ ಹತ್ತಿರವೂ ತಮ್ಮಂಥ ಸಜ್ಜನ ಏಜೆಂಟ್ ಇದ್ದರೂ ಇರಬಹುದು. ಅದಾಗದಿದ್ದರೆ ಅಕ್ಕನ ಕಣ್ಣಿನ ಪೊರೆಯನ್ನೂ ಅದೇ ವಿಳಾಸಕ್ಕೆ ವರ್ಗಾಯಿಸಿ, ತಮಗದು ಕ್ಷಣದ ಕೆಲಸ. ಅದೂ ಆಗದಿದ್ದರೆ ಸೋಮವಾರದಿಂದ ಅಂಗಡಿಗೆ ಬಂದು ಕಾಜಾ ಹೊಲಿಯಿರಿ, ಏಕೆಂದರೆ ಸೂಜಿಗೆ ದಾರ ಪೋಣಿಸುವುದು ಈಗ ಅವಳ ಕೈಲಾಗುತ್ತಿಲ್ಲ. ಮುಂದೆ ಯಾರದೇ ಹಣ ಕದಲಿಸುವ ಮುನ್ನ, ಅದು ಯಾರದೋ ಅವರನ್ನು ಒಂದು ಮಾತು ಕೇಳುವ ಸಣ್ಣ ಅಭ್ಯಾಸ ಇಟ್ಟುಕೊಳ್ಳಿ.

ಬುದ್ಧಿ ಬಂದರೂ ಹಣ ಬಾರದ,
ತಮ್ಮ ವಿಶ್ವಾಸಿ,
ದರ್ಜಿ

ಮರೆತ ಮಾತು: ಹಣ ಹೋದ ಸುದ್ದಿಯನ್ನು ಅಕ್ಕನಿಗೆ ಹೇಳುವ ಧೈರ್ಯವಿಲ್ಲದೆ, ಈ ಪತ್ರವನ್ನೇ ಅವಳಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, “ಅದು ನಿನ್ನನ್ನ ಕೇಳಲಿಲ್ಲ, ಸರಿ. ನೀನು ನನ್ನನ್ನ ಕೇಳಿದ್ಯಾ?” ಎಂದಳು. ಇದಕ್ಕೆ ಉತ್ತರವನ್ನು ತಾವೇ ಬರೆದುಕೊಡಬೇಕು. ಅವಳಿಗೆ ಕಳಿಸುವ ಮುನ್ನ ಮಾತ್ರ ದಯವಿಟ್ಟು ನನಗೆ ತೋರಿಸಿ.