ಸಾಹೇಬರು ಕೊಟ್ಟ ಬಾವಿಗಳು

ಇಂಗ್ಲಿಷ್ ಬಹಳ ಸುಲಭ ಭಾಷೆ. ಬಿಜಾಪುರದ ಸಾಲಿಯಲ್ಲಿ ಒಂದು ವರ್ಷ ಕೂತು ಬಂದ ನನಗೆ ಇದರಲ್ಲಿ ಎಳ್ಳಷ್ಟೂ ಸಂಶಯವಿರಲಿಲ್ಲ.

ಹುನಗುಂದದ ದಾರಿಯಲ್ಲಿರುವ ನಮ್ಮೂರಿಗೆ ಇದ್ದದ್ದು ಒಂದೇ ಬಾವಿ, ಅದರಲ್ಲೂ ಉಪ್ಪುನೀರು. ಸಿಹಿನೀರಿಗೆ ಹೆಂಗಸರು ದೂರದ ಹಳ್ಳಕ್ಕೆ ಹೋಗಬೇಕು. ಜಿಲ್ಲೆಯ ದೊಡ್ಡ ಬಿಳಿ ಸಾಹೇಬರು ಈ ಕಡೆ ಬರುತ್ತಾರೆಂದು ತಿಳಿದದ್ದೇ ಗೌಡರು ನನ್ನನ್ನು ಕರೆಸಿದರು.

"ಶಿವಪ್ಪಾ, ಬಾವಿ ಬೇಕು ಅಂತ ಅವರ ಭಾಷೇದಾಗ ಹೇಳಪಾ. ಬಾವಿಗೆ ಏನಂತಾರ?"

"ವೆಲ್ ಅಂತಾರ್ರಿ ಗೌಡ್ರ. ಚಿಂತಿ ಬಿಡ್ರಿ!"

ಹೆಂಡತಿ ಗೌರವ್ವ ನನ್ನ ರುಮಾಲು ಒಗೆದು ಕೊಟ್ಟಳು. "ನೀರು ಹೊತ್ತು ನೆತ್ತಿ ಸವದೈತ್ರಿ. ಛಲೋತ್ನ್ಯಾಗ ಕೇಳ್ರಿ."

ಸಾಹೇಬರು ಕುದುರೆಯ ಮೇಲೆ ಬಂದರು. ಅವರ ದುಭಾಷಿ ಮುನ್ಷಿ ಇನ್ನೂ ಹಿಂದೆ ಎತ್ತಿನ ಗಾಡಿಯಲ್ಲಿದ್ದ. ನಾನು ಸಲಾಮು ಹೊಡೆದೆ. ಸಾಹೇಬರು ಕೇಳಿದರು: "ಆರ್ ಯೂ ವೆಲ್?"

ನೀನು ಬಾವಿಯೇನು? ಇದೆಂಥ ಪ್ರಶ್ನೆ! ಆದರೂ ಸರ್ಕಾರ ಕೇಳಿದ ಮೇಲೆ ಖರೆ ಹೇಳಲೇಬೇಕು.

"ನೋ ಸರ್! ಐ ಮ್ಯಾನ್!"

ಸಾಹೇಬರು ಬಿದ್ದು ಬಿದ್ದು ನಕ್ಕರು. "ವೆಲ್, ವೆಲ್, ವೆಲ್!"

ಕೇಳುವ ಮೊದಲೇ ಕೊಟ್ಟ ಪುಣ್ಯಾತ್ಮ! ನಾನು ಜನರತ್ತ ತಿರುಗಿ ಸಾರಿದೆ: "ಮೂರು ಬಾವಿ ಮಂಜೂರು!"

ಸಾಹೇಬರಿಗೆಂದು ತಂದ ಹಾರವನ್ನು ಗೌಡರು ನನ್ನ ಕೊರಳಿಗೇ ಹಾಕಿದರು. ಕುದುರೆ ತಿರುಗಿಸುತ್ತ ಸಾಹೇಬರು "ಫೇರ್‌ವೆಲ್" ಎಂದರು. ಫೇರ್ ಅಂದರೆ ಫಾರ್, ಫಾರ್ ಅಂದರೆ ದೂರ. "ಊರಾಚೆ ಇನ್ನೊಂದು!" ಎಂದು ಕೂಗಿದೆ.

ಮರುದಿನವೇ ಊರೆಲ್ಲ ಗುದ್ದಲಿ ಹಿಡಿಯಿತು. ಚಾವಡಿಯ ಮುಂದೊಂದು, ದನದ ಹಾದಿಯಲ್ಲೊಂದು, ಸ್ಮಶಾನದ ಮಗ್ಗುಲಲ್ಲೊಂದು. ನನ್ನ ಗೌರವಾರ್ಥ ನಮ್ಮ ಬಾಗಿಲಲ್ಲೇ ಒಂದು! ಎಲ್ಲೂ ನೀರಿಲ್ಲ, ಬರೀ ಕಲ್ಲು.

ವಾರದೊಳಗೆ ಸಾಹೇಬರು ಅದೇ ದಾರಿಯಲ್ಲಿ ಮರಳಿದರು. ಚಾವಡಿಯ ಮುಂದಿನ ಗುಂಡಿ ಕಂಡು ಕುದುರೆ ಬೆದರಿತು, ಸಾಹೇಬರು ಗುಂಡಿಯೊಳಗೆ ಬಿದ್ದರು! ಒಳಗಿಂದ ಕೂಗು: "ವಾಟ್ ದಿ ಹೆಲ್!"

"ಗೌಡ್ರ, ಇನ್ನೊಂದು ಕೊಟ್ರು!" ಎಂದೆ ನಾನು.

ಈ ಸಲ ಜೊತೆಗೇ ಇದ್ದ ಮುನ್ಷಿ ಕೈಕೊಟ್ಟು ಸಾಹೇಬರನ್ನು ಮೇಲೆತ್ತಿದ. ನಮ್ಮ ಕಥೆ ಕೇಳಿ ಹಣೆ ಚಚ್ಚಿಕೊಂಡ.

"ಲೇ ಶ್ಯಾಣ್ಯಾ, ಆರಾಮ ಅದೀಯೇನು ಅಂತ ಕೇಳ್ಯಾರ. ಆಮ್ಯಾಲಿನ ಮೂರು ವೆಲ್, ನಗಿ ಬಂದು 'ಭಲೆ ಭಲೆ' ಅಂದಂಗ. ಫೇರ್‌ವೆಲ್ ಅಂದ್ರ 'ಹೋಗಿ ಬರ್ತೇನಿ'!"

"ಮತ್ತ ಈಗಿಂದು?"

"ಅದು ವೆಲ್ ಅಲ್ಲೋ, ಹೆಲ್! ನರಕ!"

ಸಾಹೇಬರು ಮಣ್ಣು ಝಾಡಿಸಿಕೊಂಡು ಹೊರಟರು. ಬಾವಿ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಗೌಡರು ಗುದ್ದಲಿಯನ್ನು ನನ್ನ ಕೈಗಿಟ್ಟರು.

"ಎಲ್ಲಾ ಮುಚ್ಚು."

ಮಧ್ಯಾಹ್ನ ಬಿಸಿಲಲ್ಲಿ ಮಣ್ಣೆಳೆಯುತ್ತಿದ್ದಾಗ ಗೌರವ್ವ ರೊಟ್ಟಿಬುತ್ತಿ ತಂದಳು.

"ತಿನ್ರಿ. ಬಾಯಿ ಇದಕ್ಕಷ್ಟ ತೆರೀರಿ."

ಅಷ್ಟಕ್ಕೇ ತೆರೆದೆ.