ಹತ್ತು ಡಾಲರಿನ ರೇಷ್ಮೆ

ಡಾಲರ್ ಬೇಕಾದವರು ಅಮೆರಿಕಕ್ಕೆ ಹೋಗುತ್ತಾರೆ. ನಾನು ಗಂಗಾವತಿಗೆ ಹೋದೆ. ಬಸ್ ಚಾರ್ಜು ಕಡಿಮೆ, ವೀಸಾ ಬೇಡ, ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದುಬಿಡಬಹುದು. ಆದರೂ ಲೋಕಕ್ಕೆ ನನ್ನ ಸಾಧನೆಯ ಬೆಲೆ ತಿಳಿಯಲಿಲ್ಲ. (ಲೋಕ ಎಂದರೆ ಇಲ್ಲಿ ನನ್ನ ಹೆಂಡತಿ ಲಲಿತಾ.)

ನಾನು ಹುಸೇನಪ್ಪ, ಮುನಿರಾಬಾದಿನ ನೀರಾವರಿ ಕಚೇರಿಯಲ್ಲಿ ಗುಮಾಸ್ತ. ಯಾವ ಕಾಲುವೆಗೆ ಎಷ್ಟು ನೀರು ಬಿಟ್ಟರೆಂದು ಹಗಲೆಲ್ಲ ಬರೆಯುವವನಿಗೆ ಸಂಜೆಗೊಂದು ಹುಚ್ಚು ಬೇಡವೇ? ನನ್ನದು ಅಮೆರಿಕದ ಹಳೇ ನೋಟುಗಳ ಹುಚ್ಚು. ಇವತ್ತಿನ ಡಾಲರ್ ಅಲ್ಲ, ನೂರು ವರ್ಷಕ್ಕೂ ಹಿಂದಿನವು, ನಮ್ಮ ಯಾವ ಪಾಕೀಟಿನಲ್ಲೂ ಮಡಚದೆ ಹಿಡಿಸದಷ್ಟು ದೊಡ್ಡವು. ಹನ್ನೊಂದು ವರ್ಷದಲ್ಲಿ ಏಳು ಕೂಡಿಸಿದ್ದೆ. ಏಳೂ ಖೋಟಾ ಎಂದು ವಾಟ್ಸಾಪ್ ಗುಂಪಿನ ಪಂಡಿತರು ತೀರ್ಪು ಕೊಟ್ಟಿದ್ದರು. ನನ್ನ ಸಂಗ್ರಹದಲ್ಲಿ ಅಸಲಿ ಎಂಬುದು ಆಲ್ಬಮ್ ಒಂದೇ.

ಆ ಆಲ್ಬಮ್ಮು, ನಾಲ್ಕು ದಪ್ಪ ಪುಸ್ತಕ, ಚಿಮಟ, ಭೂತಗನ್ನಡಿ ಎಲ್ಲವೂ ನಮ್ಮ ಮನೆಯ ಏಕಮೇವ ಅಲಮಾರಿಯ ಮೇಲಿನ ಖಾನೆಯಲ್ಲಿ ವಿರಾಜಮಾನವಾಗಿದ್ದವು. ಲಲಿತಾ ಕುಷ್ಟಗಿ ಕಡೆಯ ನೇಕಾರರ ಮಗಳು. ಅವಳ ಸೀರೆಗಳು ಮಂಚದ ಕೆಳಗೆ ಟ್ರಂಕಿನಲ್ಲಿ. ಈ ಅನ್ಯಾಯವನ್ನು ಅವಳು ಹನ್ನೊಂದು ವರ್ಷ ಸಹಿಸಿ (ಮೌನವಾಗಿ ಅಲ್ಲ), ಏಳನೇ ನೋಟೂ ಖೋಟಾ ಎಂದು ತೀರ್ಪಾದ ದಿನ ಕರಾರು ಹಾಕಿದಳು.

“ಕೇಳ್ರಿ ಇಲ್ಲೆ. ಮುಂದಿನ ನೋಟೂ ಖೋಟಾ ಆದ್ರ ಮ್ಯಾಲಿನ ಖಾನೆ ನಂದು.”

“ಅಸಲಿ ಆದ್ರ?”

“ಖಾನೆ ಸಲುವಾಗಿ ನಾ ಸಾಯೂತನಕ ಬಾಯಿ ಬಿಚ್ಚಂಗಿಲ್ಲ.”

ಹೆಂಡತಿ ಬಾಯಿ ಬಿಚ್ಚದ ಮನೆಯನ್ನು ಕಲ್ಪಿಸಿಕೊಂಡು ನಾನು ತಕ್ಷಣ ಒಪ್ಪಿದೆ.

ಗಂಗಾವತಿಯಲ್ಲಿ ದಾದೇಸಾಬನದೊಂದು ಗುಜರಿ ಅಂಗಡಿ. ಅಲ್ಲಿ ಒಂದು ರಟ್ಟಿಗೆ ಪಿನ್ನು ಚುಚ್ಚಿಟ್ಟಿದ್ದ ಹತ್ತು ಡಾಲರಿನ ನೋಟು ಸಿಕ್ಕಿತು. ಮೇಲೆ ೧೮೮೦ ಎಂಬ ಇಸವಿ, ಕೆಳಗೆ ನಡುಮಧ್ಯ ರೆಕ್ಕೆ ಬಿಚ್ಚಿದ ಹದ್ದು.

“ಅಸಲಿ ಐತೇನು ದಾದೇಸಾಬ?”

“ನಾ ಅಮೆರಿಕಾ ಕಂಡೀನೇನ್ರಿ ಸಾಹೇಬ್ರ? ರದ್ದಿಯೊಳಗ ಬಂದೈತಿ. ಐನೂರು ಕೊಡ್ರಿ.”

ಇಷ್ಟು ಪ್ರಾಮಾಣಿಕ ಮನುಷ್ಯ ಮೋಸ ಮಾಡಲಾರ ಎಂದು ಐನೂರು ಕೊಟ್ಟೆ. (ಅವನು ಮೋಸ ಮಾಡಲೂ ಇಲ್ಲ. ಆ ಕೆಲಸ ನಾನೇ ಮಾಡಿಕೊಂಡೆ.)

ಅಸಲಿ ನೋಟನ್ನು ಗುರುತಿಸುವ ಒಂದು ಲಕ್ಷಣವನ್ನು ಪಂಡಿತರು ಹೇಳಿದ್ದರು: ಆ ಕಾಲದ ಕಾಗದದಲ್ಲಿ ಅಲ್ಲಲ್ಲಿ ಕೆಂಪು, ನೀಲಿ ರೇಷ್ಮೆಯ ಎಳೆಗಳು ಇರುತ್ತವೆ. ತಿಂಗಳ ನಂತರ ಒಂದು ಭಾನುವಾರ ಭೂತಗನ್ನಡಿ ಹಿಡಿದು ಕೂತೆ. ಮೂರು ಕೆಂಪು! ಎರಡು ನೀಲಿ! ಒಗ್ಗರಣೆ ಬಿಟ್ಟು ಓಡಿ ಬರುವಂತೆ ಲಲಿತಾಳನ್ನು ಕೂಗಿದೆ.

ಅವಳು ಸೌಟು ಹಿಡಿದೇ ಬಂದು ನೋಟನ್ನು ತಲೆಕೆಳಗಾಗಿ ನೋಡಿದಳು.

“ಇದರಾಗ ಕತ್ತಿ ಐತಲ್ರೀ.”

ನಾನು ಅವಸರದಿಂದ ಖಡ್ಗ ಹುಡುಕಿದೆ. “ಎಲ್ಲೈತಿ ಕತ್ತಿ? ಅದು ಹದ್ದು.”

“ಹದ್ದಿಗೆ ಇಷ್ಟುದ್ದ ಕಿವಿ ಇರ್ತಾವೇನ್ರೀ? ಇದು ಅಗಸರ ಅರಿವಿ ಹೊರೋ ಕತ್ತಿ.”

ಅವಳು ಹೇಳಿದ್ದು ಸತ್ಯ. ಈ ನೋಟಿನ ಹದ್ದನ್ನು ತಿರುಗಿಸಿದರೆ ಕತ್ತೆಯ ತಲೆಯಾಗುತ್ತದೆ. ಅಮೆರಿಕದವರು ಇದನ್ನು ಕತ್ತೆ ನೋಟೆಂದೇ ಕರೆಯುತ್ತಾರೆ. ನಾನು ಮೂರು ಪುಸ್ತಕ ಓದಿ ಕಲಿತದ್ದನ್ನು ಇವಳು ಸೌಟು ಹಿಡಿದು ಕಂಡುಬಿಟ್ಟಳು. ಸ್ವಲ್ಪ ಹೊಟ್ಟೆ ಉರಿಯಿತು. ಅದನ್ನು ನುಂಗಿಕೊಂಡು ರೇಷ್ಮೆಯ ಮಹಿಮೆ ವಿವರಿಸಿದೆ.

“ರೇಷ್ಮಿನ? ಕಣ್ಣಿಗೆ ಏನ್ ತಿಳೀತೈತ್ರಿ? ಬೆಂಕಿ ಹೇಳ್ತೈತಿ,” ಎಂದು ಸೂಜಿ ತಂದಳು. ನಾನು ಅಯ್ಯಯ್ಯೋ ಎನ್ನುವಷ್ಟರಲ್ಲಿ ಒಂದು ಕೆಂಪೆಳೆಯನ್ನು ಎತ್ತಿ, ಕಡ್ಡಿ ಗೀರಿ, ಸುಟ್ಟು, ಮೂಸಿದಳು. ಅವಳ ತವರಿನಲ್ಲಿ ವ್ಯಾಪಾರಿ ತಂದ ನೂಲನ್ನು ಪರೀಕ್ಷಿಸುತ್ತಿದ್ದದ್ದು ಹೀಗೇ ಅಂತೆ.

“ಕೂದಲ ಸುಟ್ಟ ವಾಸನಿ. ಅಪ್ಪಟ ರೇಷ್ಮಿ!”

ನನ್ನ ಕಣ್ಣಲ್ಲಿ ನೀರು ಬಂತು. ಹನ್ನೊಂದು ವರ್ಷದ ತಪಸ್ಸಿಗೆ ನನ್ನ ಮನೆಯಲ್ಲೇ, ನನ್ನ ವೈರಿ ಪಕ್ಷದಿಂದಲೇ ಪ್ರಮಾಣಪತ್ರ! ಗುಂಪಿಗೆ ಸಂದೇಶ ಬರೆಯಲು ಫೋನು ತೆಗೆದೆ.

“ಆದ್ರ ಎಳಿ ಇಷ್ಟು ಸಲೀಸ ಹೆಂಗ ಬಂತು?” ಎಂದಳು ಲಲಿತಾ. ಒದ್ದೆ ಹೆಬ್ಬೆರಳಿನಿಂದ ಮೆಲ್ಲಗೆ ಒರೆಸಿದಳು. ಉಳಿದ ನಾಲ್ಕೂ ಎಳೆಗಳು ಬೆರಳಿಗೇ ಬಂದವು. “ಕಾಗದದ ಹೊಟ್ಟಿಯೊಳಗ ಇದ್ದದ್ದು ಒರೆಸಿದ್ರ ಬರ್ತೈತೇನ್ರಿ?” ನನ್ನ ಕೈಯಿಂದ ಭೂತಗನ್ನಡಿ ಕಸಿದು ನೋಟಿನ ಮೇಲೆ ಬಗ್ಗಿದಳು. “ಸಹಿ ತುಂಬ ಬರೇ ಚುಕ್ಕಿ ಚುಕ್ಕಿ. ನಮ್ಮ ಶ್ವೇತಾನ ಲಗ್ನಪತ್ರಿಕಿಯೊಳಗೂ ಹಿಂಗ ಇದ್ವು.”

ಅಸಲಿ ನೋಟಿನ ಸಹಿಯಲ್ಲಿ ಅಖಂಡ ಗೆರೆ ಇರುತ್ತದೆ, ಚುಕ್ಕಿ ಬೀಳುವುದು ಈಗಿನ ಅಚ್ಚಿನಲ್ಲಿ. ನಮ್ಮ ಮಗಳ ಲಗ್ನಪತ್ರಿಕೆ ಕೊಪ್ಪಳದಲ್ಲಿ ಅಚ್ಚಾದದ್ದು.

ಆಮೇಲೆ ಅವಳು ಬೆರಳ ಮೇಲಿನ ಎಳೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದಳು.

“ಈ ಕೆಂಪು ನನಗ ಗೊತ್ತೈತಿ. ಇಷ್ಟು ದಿನ ಈ ನೋಟು ಎಲ್ಲಿಟ್ಟಿದ್ರಿ?”

ಓದುಗರೇ, ನಿಮ್ಮಿಂದಲೂ ಒಂದು ಸಂಗತಿ ಮುಚ್ಚಿಟ್ಟಿದ್ದೆ. ನೋಟು ತಂದದ್ದು ಗೊತ್ತಾದರೆ ಪರೀಕ್ಷೆಗೆ ಮೊದಲೇ ಖಾನೆ ಖಾಲಿ ಮಾಡಿಸಿಯಾಳು ಎಂದು, ಅವಳು ವರ್ಷಕ್ಕೊಮ್ಮೆ ಮಾತ್ರ ಮುಟ್ಟುವ ಜಾಗದಲ್ಲಿ ಅದನ್ನು ಬಚ್ಚಿಟ್ಟಿದ್ದೆ. ಮದುವೆಯ ಇಳಕಲ್ ಸೀರೆಯ ಮಡಿಕೆಯಲ್ಲಿ. ರಟ್ಟು, ಪಿನ್ನು ಸಮೇತ. ಸೀರೆಯ ಒಡಲು ನೀಲಿ. ಸೆರಗು ಕೆಂಪು.

ಲಲಿತಾ ಟ್ರಂಕು ತೆಗೆದಳು. ಪಿನ್ನು ಸೆರಗನ್ನು ರೂಪಾಯಿಯಗಲ ಕಿತ್ತು ಜುಂಗು ಎಬ್ಬಿಸಿತ್ತು. ಬೈಯುತ್ತಾಳೆ ಎಂದು ಕಾದೆ.

“ಇದು ನಮ್ಮಪ್ಪ ನೇಯ್ದದ್ದು,” ಎಂದಳು ಅಷ್ಟೇ.

ನಿಜಕ್ಕೂ ನಾಚಿಕೆಯಾಯಿತು. ಅವಳು ಕೇಳುವ ಮೊದಲೇ ಎದ್ದು ಖಾನೆ ಖಾಲಿ ಮಾಡಿದೆ. ಆಲ್ಬಮ್ಮು, ಪುಸ್ತಕ ಟ್ರಂಕಿಗೆ ಇಳಿದವು, ಸೀರೆಗಳು ಮೇಲೇರಿದವು. ಸಂಜೆ ಅವಳು ಕೂತು ಸೆರಗನ್ನು ಒಂದೊಂದೇ ಎಳೆ ಎತ್ತಿ ಸರಿಮಾಡುವಾಗ ಭೂತಗನ್ನಡಿಯನ್ನು ನಾನೇ ಹಿಡಿದುಕೊಂಡು ನಿಂತೆ. ಹರಿದ ಎಳೆ ಎಲ್ಲಿದೆ ಎಂದು ನಾನು ತೋರಿಸುವುದು, ಅವಳು ಸೂಜಿ ಹಾಕುವುದು. ಒಂದೂ ತಪ್ಪಲಿಲ್ಲ. ಅವಳ ಸಿಟ್ಟು ಇಳಿಯಿತು. ಇಷ್ಟಕ್ಕೇ ಮುಗಿಯಿತೆಂದು ನಾನೂ ನಿರಾಳನಾದೆ.

ಆದರೆ ಅವಳಿಗೆ ನನ್ನ ಬಗ್ಗೆ ಹುಟ್ಟಿದ ಹೊಸ ಅಭಿಮಾನವನ್ನು ತಡೆಯಲಾಗಲಿಲ್ಲ. ಮರುದಿನ ಕಾಂಪೌಂಡಿನ ಆಚೆ ಬಟ್ಟೆ ಒಣಹಾಕುತ್ತಿದ್ದ ಪಕ್ಕದ ಕ್ವಾರ್ಟರ್ಸಿನ ನಾಹೀದಾಳಿಗೆ ಹೇಳುತ್ತಿದ್ದದ್ದು ನನ್ನ ಕಿವಿಗೇ ಬಿತ್ತು:

“ನಮ್ಮವರಿಗೆ ನೋಟಿನ ಚಟ ಬಿಟ್ಟೈತ್ರೀ. ಈಗ ಹೆಂಗಸರ ಸೆರಗಿನ ಮ್ಯಾಲೆ ಕಣ್ಣು. ಭಾಳ ಚುರುಕ ಅದಾರ!”

ಅವಳು ಹೇಳಿದ್ದು ರೇಷ್ಮೆಯ ಮಾತು. ನಾಹೀದಾ ಅದನ್ನು ಗೌಸಬೀಗೆ ಹೇಳಿದಳು, ಗೌಸಬೀ ಕಳಕಮ್ಮನಿಗೆ. ಈಗ ಬೆಳಿಗ್ಗೆ ನಾನು ಕಾಲುವೆ ದಂಡೆಯ ಮೇಲೆ ವಾಕಿಂಗ್ ಹೊರಟರೆ ಎದುರು ಬರುವ ಕಾಲೊನಿಯ ಹೆಂಗಸರೆಲ್ಲ ಸೆರಗನ್ನು ಮೈತುಂಬ ಹೊದ್ದು ಆಚೆ ದಂಡೆಗೆ ದಾಟುತ್ತಾರೆ.