ಕನ್ನಡ ಬಾರದವನು ಬೇಕಾಗಿದ್ದಾನೆ

ಹೊನ್ನಾವರದಲ್ಲಿ ಕನ್ನಡ ಬಾರದ ಒಬ್ಬ ಮನುಷ್ಯನನ್ನು ಮೂರು ಗಂಟೆಯೊಳಗೆ ಹುಡುಕುವುದು ಇಷ್ಟು ಕಷ್ಟವೆಂದು ಮಧುಸೂದನ ಮಾಸ್ತರರಿಗೆ ಗೊತ್ತಿರಲಿಲ್ಲ.

ಹೊರರಾಜ್ಯದ ಕೆಲಸಗಾರರಿಗೆ ಕನ್ನಡ ಕಲಿಸುವ ಕೇಂದ್ರ ಅವರದು. ಬೆಳಿಗ್ಗೆ ಕಚೇರಿಯಿಂದ ಫೋನು ಬಂದಿತ್ತು. "ಮೂರಕ್ಕೆ ಸಾಹೇಬ್ರು ತಪಾಸಣೆಗೆ ಬರ್ತಾರೆ. ಕನ್ನಡ ಬಾರದವ ಒಬ್ಬನಾದ್ರೂ ಇರ್ಬೇಕು. ಇಲ್ದಿದ್ರೆ ಕೇಂದ್ರ ಬಂದ್."

ಬಂದಾದರೆ ಮಾಸ್ತರಿಕೆಯೂ ಹೋಯಿತು. ಮದುವೆಯಾಗಿ ಆರು ವರ್ಷದ ಮೇಲೆ ಸಿಕ್ಕಿದ ಮೊದಲ ಕೆಲಸ ಅದು. ಹೆಂಡತಿ ಶ್ರೀಗೌರಿ ಈಗೀಗಷ್ಟೇ ತವರಿನಲ್ಲಿ ತಲೆಯೆತ್ತಿ ಮಾತಾಡುತ್ತಿದ್ದಳು. ಹಳೆಯ ತಂಡದವರೋ, ಎಲ್ಲರೂ ಕನ್ನಡ ಕಲಿತುಬಿಟ್ಟಿದ್ದರು. ಅದರಲ್ಲಿ ಮಾಸ್ತರರ ಪಾಲೆಷ್ಟು ಎಂಬುದು ಬೇರೆ ಮಾತು.

ಮಾವಿನಕುರ್ವೆಗೆ ಹೋದರೆ, ಬಲೆ ಬಿಡಿಸುತ್ತಿದ್ದ ಒಡಿಶಾದವನು ತಲೆಯೆತ್ತಿ, "ಎಂತ ಮಾಸ್ತರೆ, ಈ ಬಿಸ್ಲಲ್ಲಿ? ಚಾ ಆತಾ?" ಎಂದ. ಮಾಸ್ತರರು ಸ್ಕೂಟರು ತಿರುಗಿಸಿದರು. ಮುರ್ಡೇಶ್ವರದ ಹೋಟೆಲಿನ ನೇಪಾಳಿ ಕಾವಲುಗಾರ, "ಇಲ್ಲಿ ಗಾಡಿ ನಿಲ್ಸೂಕಿಲ್ಲ" ಎಂದು ಗದರಿಸಿದ. ಒಳಗಿನ ಬಿಹಾರಿ ಅಡುಗೆಯವನಂತೂ ಕೊಂಕಣಿಯಲ್ಲೂ ಬೈಯಬಲ್ಲವನಾಗಿದ್ದ.

ಕೊನೆಗೆ ಅಲ್ಲಿನ ಸ್ಟೇಶನ್ನಿನಲ್ಲಿ ಆಗಷ್ಟೇ ರೈಲಿಳಿದ ಒಡಿಶಾದ ಹುಡುಗ ತ್ರಿನಾಥ ಸಿಕ್ಕ. ಕೈಯಲ್ಲಿ ಮಾವಿನಕುರ್ವೆಯ ದೋಣಿಯವರ ಚೀಟಿ. "ಕನ್ನಡ ಗೊತ್ತಾ?" ಎಂದರೆ ಪಿಳಿಪಿಳಿ ನೋಡಿದ. ಹಿಂದಿಯೂ ಬಾರದು. ಮಾಸ್ತರರು ಅವನನ್ನು ಅಪ್ಪಿಕೊಳ್ಳುವುದೊಂದು ಬಾಕಿ. ಸ್ಕೂಟರಿನಲ್ಲಿ ತಂದು ಕೇಂದ್ರದಲ್ಲಿ ಕೂರಿಸಿ, ಊಟ ಮುಗಿಸಿ ಹಾಜರಿ ಪುಸ್ತಕ ತರಲು ಮನೆಗೆ ಓಡಿದರು.

ಅಷ್ಟರಲ್ಲಿ ಅನಾಹುತವಾಯಿತು. ಕೇಂದ್ರದ ಪಕ್ಕದಲ್ಲಿ ಟೈಲರ್ ಮಾಲತಿ, ಎದುರಿಗೆ ಮೀನು ಮಾರುವ ಬಂಗಾರಿ. ಸಾಹೇಬರು ಪರೀಕ್ಷೆಗೆ ಬರುತ್ತಾರೆಂಬ ಸುದ್ದಿ ಅವರ ಕಿವಿಗೂ ಬಿದ್ದಿತ್ತು. ಮಾಸ್ತರರ ಮರ್ಯಾದೆ ಉಳಿಸಬೇಕೆಂದು ಇಬ್ಬರೂ ಸೇರಿ ಹೊಸ ಹುಡುಗನನ್ನು ಒಂದೂವರೆ ತಾಸು ತಯಾರು ಮಾಡಿದರು.

ಸಾಹೇಬರು ಮಾಸ್ತರರೊಡನೆ ಒಳಗೆ ಕಾಲಿಟ್ಟದ್ದೇ ತಡ, ತ್ರಿನಾಥ ಎದ್ದು ಕೈಮುಗಿದ.

"ಬನ್ನಿ ಸಾಹೇಬ್ರೆ, ಕೂತ್ಕಳಿ. ಊಟ ಆತಾ? ನಮ್ ಮಾಸ್ತರು ಚಂದ ಕಲಿಸ್ತರು."

ಬಾಗಿಲಲ್ಲಿ ನಿಂತ ಬಂಗಾರಿ ಹೆಮ್ಮೆಯಿಂದ ಮಾಲತಿಯ ಪಕ್ಕೆ ತಿವಿದಳು. ಮಾಸ್ತರರು ಗೋಡೆ ಹಿಡಿದುಕೊಂಡರು.

"ಇವನಿಗೆ ಕನ್ನಡ ಬರ್ತದಲ್ರೀ!" ಎಂದರು ಸಾಹೇಬರು.

"ಒಂದಕ್ಷರ ಬರೂದಿಲ್ಲ ಸರ್! ಬೇರೆ ಎಂತಾದ್ರೂ ಕೇಳಿ ನೋಡಿ!"

ತನ್ನ ವಿದ್ಯಾರ್ಥಿಗೆ ಏನೂ ಬಾರದೆಂದು ಇಷ್ಟು ಅಂಗಲಾಚುವ ಮೇಷ್ಟ್ರನ್ನು ಸಾಹೇಬರು ನೋಡಿರಲಿಲ್ಲ. ಅವರು ತ್ರಿನಾಥನತ್ತ ತಿರುಗಿದರು. "ನಿನ್ನ ಊರು ಯಾವುದಪ್ಪ?"

"ಊಟ ಆತಾ?"

"ಮನೆಯಲ್ಲಿ ಯಾರ್ಯಾರಿದ್ದಾರೆ?"

"ಚಂದ ಕಲಿಸ್ತರು."

ಸಾಹೇಬರು ನಕ್ಕುಬಿಟ್ಟರು. "ನಿಜ, ಬರೂದಿಲ್ಲ. ಕೇಂದ್ರ ಮುಂದುವರೀಲಿ." ಮಾಸ್ತರರಿಗೆ ಹೋದ ಜೀವ ಬಂದಂತಾಯಿತು.

"ಫಾರ್ಮಿಗೆ ಇವನ ವಿವರ ಬೇಕು. ಅವನ ಭಾಷೆಯಲ್ಲೇ ಕೇಳಿ."

"ನಂಗೆ ಒಡಿಯಾ ಬರೂದಿಲ್ಲ ಸರ್."

"ಮತ್ತೆ ಪಾಠ ಹೇಗೆ ಮಾಡ್ತೀರಿ?"

ಮಾಸ್ತರರು ಬಾಯಿ ತೆರೆಯುವ ಮೊದಲೇ ಬಂಗಾರಿ ಒಳಗೆ ಬಂದು ತ್ರಿನಾಥನೊಡನೆ ಅವನ ಭಾಷೆಯಲ್ಲೇ ಪಟಪಟನೆ ಮಾತಾಡಿದಳು. ಊರು, ತಾಯಿ, ತಂಗಿಯರು, ರೈಲಿನಲ್ಲಿ ಕಳೆದುಹೋದ ಚಪ್ಪಲಿ, ಎಲ್ಲ ಹೊರಬಂತು.

"ನಿನಗೆ ಹೇಗೆ ಒಡಿಯಾ ಬಂತಮ್ಮ?"

"ಹತ್ತು ವರ್ಷದಿಂದ ದೋಣಿಯ ಒಡಿಶಾದವ್ರ ಹತ್ರವೇ ಮೀನು ತಕಂಬೂದು ಸಾಹೇಬ್ರೆ. ಭಾಷೆ ಬರ್ದೇ ಇದ್ರೆ ಚೌಕಾಶಿ ಮಾಡೂದು ಹೆಂಗೆ?"

"ಇವನಿಗೆ ಆ ಕನ್ನಡ ಕಲಿಸಿದ್ದು?"

"ನಾವೇ!" ಎಂದಳು ಬಂಗಾರಿ, ಮಾಸ್ತರರಿಗೆ ಉಪಕಾರವಾಗಲೆಂದು.

ಸಾಹೇಬರು ಫಾರ್ಮಿನಲ್ಲಿ ಮಧುಸೂದನ ಎಂಬುದನ್ನು ಹೊಡೆದು ಬಂಗಾರಿ ಎಂದು ಬರೆದರು. "ಕಲಿಯುವವರ ಭಾಷೆ ಬಲ್ಲವರೇ ಕಲಿಸ್ಬೇಕು ಅಂತ ಸುತ್ತೋಲೆ ಇದೆ. ಶುರು ಮಾಡಮ್ಮ, ಇವತ್ತಿನ ಪಾಠ ನೋಡಿಯೇ ಹೋಗ್ತೇನೆ."

ಬಂಗಾರಿಯ ಮುಖ ಸಪ್ಪೆಯಾಯಿತು. ಮಾಸ್ತರರಿಗಂತೂ ಅಳುವೇ ಬಂದಿತ್ತು. ಅವಳು ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಬೇಜಾರ ಮಾಡ್ಕಬೇಡಿ ಮಾಸ್ತರೆ. ನನ್ ಬುಟ್ಟಿ ಅಲ್ಲೇ ಅದೆ, ಬೆಕ್ಕು ಬಾಯಿ ಹಾಕ್ತದೆ. ಪಾಠ ಮುಗಿಯೂವರೆಗೆ ಕೂತ್ಕಳಿ."

ಹುಟ್ಟಾ ಸಸ್ಯಾಹಾರಿಗಳಾದ ಮಾಸ್ತರರು ಮೂಗು ಮುಚ್ಚಿಕೊಂಡು ಬುಟ್ಟಿಯ ಮುಂದೆ ಕೂತರು. ಅಷ್ಟರಲ್ಲಿ ಶ್ರೀಗೌರಿಯ ಫೋನು. "ಎಂತ ಆತು? ಕೆಲಸ ಇದ್ದಾ?"

"ಇದ್ದು, ಇದ್ದು" ಎಂದರು ಮಾಸ್ತರರು.

"ಮಾಸ್ತರೆ, ಬಂಗಡೆ ಹೆಂಗೆ?" ಎಂದು ಗಿರಾಕಿಯೊಬ್ಬ ದೊಡ್ಡ ಗಂಟಲಿನಲ್ಲಿ ಕೇಳಿದ. ಅದು ಶ್ರೀಗೌರಿಗೂ ಕೇಳಿಸಿತು.